ಹೇಳಿದವರು: ಮುರುಗೇಶ್, ಆಪರೇಟರ್

ಆ ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಭದ್ರಾವತಿಯ ಟಾಕೀಸೊಂದರ ಪ್ರೊಜೆಕ್ಟರ್ ರೂಮಿಗೆ ಯಾರೋ ಹೊರಗಿನಿಂದ ಚಿಲಕ ಹಾಕಿದರು. ಗಂಟೆ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಒಳಗಿದ್ದ ಆಪರೇಟರ್ ಮುರುಗೇಶಣ್ಣ ಪ್ರತಿ ರೀಲು ಶುರುವಾದ ಕೂಡಲೇ ಗೋಡೆ ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಮೂರನೆಯ ರೀಲಿನ ಮುಂದೆ ‘೩-೧೦’ ಎಂದು ಬರೆದು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದಾಗ ಕಬ್ಬಿಣದ ಚಿಲಕ ಸರಿದ ಸದ್ದು ಕೇಳಿಸಿತು. ಅವರು ನನ್ನ ಮುಖ ನೋಡಿದರು. ನಾನು ಬಾಗಿಲು ನೋಡಿದೆ.

ಇದೆಲ್ಲ ಮತ್ತೆ ಕಣ್ಣ ಮುಂದೆ ಬಂದಿದ್ದು ಮೊನ್ನೆ. ತಂಗಿಯ ಮಗಳು ಶಿವಮೊಗ್ಗದ ನಮ್ಮ ಮನೆಯ ವರಾಂಡದಲ್ಲಿ ಕೂತು ಹತ್ತಿಯಲ್ಲಿ ಉಗುರಿನ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಆ ಬಾಟಲಿಯ ವಾಸನೆ ಮೂಗಿಗೆ ಬಡಿದದ್ದೇ, "ಮುಚ್ಚೇ ಅದನ್ನ! ಮುಚ್ಚು!" ಎಂದು ಕಿರುಚಿಬಿಟ್ಟೆ. ಹುಡುಗಿ ಬೆದರಿ, "ಏನಾಯ್ತು ದೊಡ್ಡಮ್ಮ?" ಎಂದಳು. ತುಂಡಾದ ಫಿಲಂ ಅಂಟಿಸುವ ದ್ರವಕ್ಕೂ ಹೆಚ್ಚುಕಡಿಮೆ ಅದೇ ವಾಸನೆ. ಒಂದು ಕಾಲದಲ್ಲಿ ಅದು ನನ್ನ ವೇಲಿನ ಮೇಲೆ ಚೆಲ್ಲಿತ್ತು, ನಾಲ್ಕು ಅಡಿ ಆಚೆ ಬೆಂಕಿ ಉರಿಯುತ್ತಿತ್ತು.

ಎರಡು ಸಾವಿರದ ಏಳರ ಮಳೆಗಾಲ ಅದು. ನಾನು ಕನ್ನಡ ಎಂ.ಎ. ಮುಗಿಸಿ ಶಿವಮೊಗ್ಗದ ಒಂದು ಸಣ್ಣ ದಿನಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತಿದ್ದೆ. ಕೆಲಸ ಸಂಜೆಯ ಮೇಲೆ. ಹಗಲಿಡೀ ಖಾಲಿ. ಆ ಖಾಲಿ ಹೊತ್ತನ್ನೆಲ್ಲ ದುರ್ಗಿಗುಡಿಯಲ್ಲಿದ್ದ ಲೋಕೇಶನ ಸೈಬರ್ ಸೆಂಟರಿನಲ್ಲಿ ಕಳೆಯುತ್ತಿದ್ದೆ. ಲೋಕೇಶ ಕಾಲೇಜಿನಲ್ಲಿ ನನ್ನ ಕ್ಲಾಸ್‌ಮೇಟ್. ನಾವಿಬ್ಬರೂ ಒಬ್ಬ ನಟನ ಅಭಿಮಾನಿಗಳು. ಆ ನಟನ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಹೆಸರು ಹಾಕುವ ಅವಸರ ನನಗೆ ಆ ವರ್ಷಕ್ಕೇ ಮುಗಿಯಿತು.

ಆ ನಟನ ಬಗ್ಗೆ ಲೋಕೇಶ ಒಂದು ವಿಕಿ ಶುರುಮಾಡಿದ್ದ. ಅಭಿಮಾನಿಗಳೇ ಸೇರಿ ಬರೆಯುವ ತಾಣ ಅದು. ಯಾರು ಬೇಕಾದರೂ ಪುಟ ಬರೆಯಬಹುದು, ಇನ್ನೊಬ್ಬರು ಬರೆದದ್ದನ್ನು ತಿದ್ದಬಹುದು. ಪ್ರತಿ ಸಿನಿಮಾಕ್ಕೆ ಒಂದು ಪುಟ, ಪ್ರತಿ ಹಾಡಿಗೆ ಒಂದು ಪುಟ, ಯಾವ ಊರಿನ ಯಾವ ಟಾಕೀಸಿನಲ್ಲಿ ಎಷ್ಟು ದಿನ ಓಡಿತು ಎನ್ನುವುದಕ್ಕೆ ಒಂದೊಂದು ಪುಟ. ಮೊದಲ ತಿಂಗಳಲ್ಲೇ ಅದು ಜಾತ್ರೆಯಾಯಿತು. ಒಬ್ಬ ಆ ನಟನನ್ನು ದೇವರು ಎಂದು ಬರೆದರೆ ಇನ್ನೊಬ್ಬ ದೇವರ ದೇವರು ಎಂದು ತಿದ್ದುತ್ತಿದ್ದ. ಒಂದೇ ಚಿತ್ರ ಒಂದು ಪುಟದಲ್ಲಿ ಐವತ್ತು ದಿನ, ಇನ್ನೊಂದು ಪುಟದಲ್ಲಿ ಇಪ್ಪತ್ತೈದು ವಾರ ಓಡುತ್ತಿತ್ತು.

"ನೀನು ಪೇಪರಿನವಳು ಮಾರಾಯ್ತಿ, ಏನಾದ್ರೂ ರೂಲ್ಸು ಬರಿ. ಇಲ್ಲಾಂದ್ರೆ ನಗೆಪಾಟಲು" ಎಂದ ಲೋಕೇಶ.

ಬರೆದೆ. ಬಹಳ ಹುರುಪಿನಿಂದಲೇ ಬರೆದೆ. ‘ಪುಟ ಬರೆಯುವವರಿಗೆ’ ಎಂಬ ತಲೆಬರಹ ಕೊಟ್ಟು ಹನ್ನೊಂದು ನಿಯಮ ಮಾಡಿದೆ. ಬಿರುದು ಬೇಡ, ಹೆಸರು ಸಾಕು. ಹೊಗಳಿಕೆ ಬೇಡ, ನಡೆದದ್ದು ಸಾಕು. ಅತ್ತೆವು, ಕುಣಿದೆವು ಎಂದೆಲ್ಲ ಬರೆಯಬೇಡಿ. ಊರು, ಟಾಕೀಸು, ದಿನ ಬರೆಯಿರಿ. ಕೊನೆಯದು ನನ್ನ ಹೆಮ್ಮೆಯ ನಿಯಮ: ಯಾವುದೇ ಮಾಹಿತಿ ಕೊಟ್ಟರೆ ಅದನ್ನು ಹೇಳಿದವರ ಹೆಸರು, ಕೆಲಸ, ಬೀದಿ ಸಮೇತ ಹಾಕತಕ್ಕದ್ದು. ಪತ್ರಿಕೆಯಲ್ಲಿ ವಾಚಕರ ಪತ್ರಕ್ಕೆ ಹೆಸರು, ವಿಳಾಸ ಇಲ್ಲದಿದ್ದರೆ ಕಸದ ಬುಟ್ಟಿಗೆ ಹೋಗುತ್ತಿತ್ತು. ಹೆಸರು ಹಾಕಲು ಹೆದರುವವನ ಮಾತಿಗೆ ಬೆಲೆಯಿಲ್ಲ ಎಂದು ನಮ್ಮ ಉಪಸಂಪಾದಕರು ಹೇಳುತ್ತಿದ್ದರು. ಆ ಮಾತನ್ನು ಹಾಗೇ ತಂದು ಅಭಿಮಾನಿಗಳ ಮೇಲೆ ಹೇರಿದೆ. ಪತ್ರ ಬರೆದವನು ತಾನಾಗಿ ಹೆಸರು ಕೊಟ್ಟಿರುತ್ತಾನೆ, ಇಲ್ಲಿ ಹೆಸರು ಹಾಕುತ್ತಿರುವವಳು ನಾನು ಎನ್ನುವ ವ್ಯತ್ಯಾಸ ಹೊಳೆಯಲಿಲ್ಲ.

ಲೋಕೇಶ ನಿಯಮಗಳನ್ನು ಪ್ರಿಂಟ್ ತೆಗೆದು ಸೈಬರಿನ ಗೋಡೆಗೆ ಅಂಟಿಸಿದ. ಭದ್ರಾವತಿಯ ಅಭಿಮಾನಿ ಸಂಘದ ಅಧ್ಯಕ್ಷ ಕುಮಾರಣ್ಣ ಒಂದು ದಿನ ಬಂದವರು ಅದನ್ನು ನಿಂತು ಪೂರ್ತಿ ಓದಿದರು. ಆಟೋ ಓಡಿಸುವ ಮನುಷ್ಯ. ಮೂವತ್ತು ದಾಟಿತ್ತು. ಖಾಕಿ ಅಂಗಿಯ ಜೇಬಿನ ಮೇಲೆ ನಟನ ಬಿಲ್ಲೆ.

"ಏನ್ ಮೇಡಂ ಇದು, ‘ಬಾಸ್’ ಅಂತ ಬರೀಬಾರ್ದಾ? ಮತ್ತೇನ್ ಬರೀಲಿ, ಶ್ರೀಯುತ ಅಂತ್ಲಾ?"

"ಬರೀ ಹೆಸರು ಕುಮಾರಣ್ಣ."

"ಬರೀ ಹೆಸರಾ! ನಮ್ಮಪ್ಪನ್ನ ಬೇಕಾದ್ರೆ ಹೆಸರು ಹಿಡಿದು ಕರೀತೀನಿ. ಬಾಸ್‌ನ ಆಗಲ್ಲ."

ಸೈಬರಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಒಂದು ಕಂಪ್ಯೂಟರಿನ ಮುಂದೆ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಅರ್ಧ ಗಂಟೆಯಲ್ಲಿ ಒಂದು ಸಾಲು ಬರೆದರು. ನಟನ ಎರಡನೆಯ ಚಿತ್ರ, ಒಂಬತ್ತು ವರ್ಷ ಹಿಂದೆ, ಭದ್ರಾವತಿಯಲ್ಲಿ ನೂರು ದಿನ ಓಡಿತು ಎನ್ನುವ ಸಾಲು.

"ಹೇಳಿದವರು ಯಾರು?" ಎಂದೆ.

"ಯಾರು ಅಂದ್ರೆ? ನಾನೇ ಹೇಳ್ತಿದೀನಲ್ಲ!"

"ನೀವು ಸಂಘದವರು. ನಿಮ್ಮ ಸಂಘದ ಸಾಧನೆಗೆ ನೀವೇ ಸಾಕ್ಷಿ ಆಗೋ ಹಾಗಿಲ್ಲ. ಒಂಬತ್ತನೇ ನಿಯಮ ನೋಡಿ."

ಅವರು ಗೋಡೆಯ ಕಡೆ ನೋಡಲಿಲ್ಲ. "ನೂರು ದಿನದ ಬೋರ್ಡನ್ನ ಈ ಕೈಯಲ್ಲಿ ಬರೆದಿದ್ದೀನಿ ಮೇಡಂ" ಎಂದು ಎದ್ದುಹೋದರು.

ಹಾಗೆ ನಾನು ಮುರುಗೇಶಣ್ಣನನ್ನು ಹುಡುಕಿಕೊಂಡು ಹೋದದ್ದು. ಭದ್ರಾವತಿಯ ಆ ಟಾಕೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ಅವರೇ ಆಪರೇಟರ್ ಎಂದು ಯಾರೋ ಹೇಳಿದರು. ಅವರ ಅಪ್ಪ ಕಾರ್ಖಾನೆಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಇವರು ಹುಟ್ಟಿದ್ದು, ಬೆಳೆದದ್ದು ಎಲ್ಲ ಭದ್ರಾವತಿಯಲ್ಲೇ. ತೆಳ್ಳಗೆ, ಎತ್ತರಕ್ಕೆ ಇದ್ದರು. ಕಿರಿದಾದ ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಅವರ ರೂಮು. ಎರಡು ಪ್ರೊಜೆಕ್ಟರು, ಗೋಡೆಯಲ್ಲಿ ಹಾಲಿನೊಳಗೆ ಇಣುಕುವ ಕಿಂಡಿಗಳು, ಮರದ ಬೀರು, ಮೂಲೆಯಲ್ಲಿ ಮರಳು ತುಂಬಿದ ಕೆಂಪು ಬಕೆಟ್ಟು. ಒಂದು ಯಂತ್ರದಲ್ಲಿ ರೀಲು ಓಡುತ್ತಿರುವಾಗ ಇನ್ನೊಂದಕ್ಕೆ ಮುಂದಿನದನ್ನು ಹಾಕಿಟ್ಟುಕೊಂಡು, ಇದು ಮುಗಿಯುವ ಕ್ಷಣಕ್ಕೆ ಸರಿಯಾಗಿ ಅದಕ್ಕೆ ಬದಲಾಯಿಸುವುದು ಅವರ ಕೆಲಸ. ಬದಲಾಯಿಸಿದ್ದು ಹಾಲಿನಲ್ಲಿ ಕೂತವರಿಗೆ ಗೊತ್ತಾಗಲೇಬಾರದು.

"ಗೊತ್ತಾದ್ರೆ ಸೀಟಿ ಹೊಡೀತಾರೆ, ಆಪರೇಟ್ರ ಅಮ್ಮನ್ನ ನೆನೀತಾರೆ. ಗೊತ್ತಾಗದೆ ಇದ್ರೆ ನಾನು ಇಲ್ಲಿದ್ದೀನಿ ಅಂತಾನೇ ಯಾರಿಗೂ ಗೊತ್ತಿರಲ್ಲ" ಎಂದು ನಕ್ಕರು.

ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ಅವರು ಬೀರುವಿನಲ್ಲಿ ಜೋಡಿಸಿಟ್ಟಿದ್ದರು. ನಾನು ಕೇಳಿದ ವರ್ಷದ್ದನ್ನು ತೆಗೆದರು. ದಿನಕ್ಕೊಂದು ಸಾಲು. ತೊಂಬತ್ತೊಂದನೆಯ ದಿನದ ಮುಂದೆ ‘ಡಬ್ಬಿ ವಾಪಸ್’ ಎಂದಿತ್ತು. ಚಿತ್ರದ ರೀಲುಗಳಿದ್ದ ತಗಡಿನ ಡಬ್ಬಿಗಳನ್ನು ವಿತರಕರು ಅವತ್ತಿನ ಆಟ ಮುಗಿದ ಮೇಲೆ ಬೇರೆ ಊರಿಗೆ ಕೊಂಡೊಯ್ದಿದ್ದರು.

"ಹಾಗಾದ್ರೆ ಕಡೇ ಒಂಬತ್ತು ದಿನ ಪಿಕ್ಚರೇ ಇರಲಿಲ್ವಾ?"

"ಪಿಕ್ಚರ್ ಇರಲಿಲ್ಲ. ಬೆಳಗಿನ ಆಟ ಅಂತ ಬೋರ್ಡ್ ಇತ್ತು. ದಿನಾ ನಂಬರ್ ಬದಲಾಯಿಸೋರು. ಆದ್ರೆ ಕೇಳಮ್ಮ, ಅದರಲ್ಲಿ ಇನ್ನೂ ಇದೆ..."

ನಾನು ಕೈಗಡಿಯಾರ ನೋಡಿಕೊಂಡೆ. ಪತ್ರಿಕೆಯ ಕೆಲಸಕ್ಕೆ ಹೊತ್ತಾಗುತ್ತಿತ್ತು, ಶಿವಮೊಗ್ಗದ ಬಸ್ಸು ಹೊರಡುವುದರಲ್ಲಿತ್ತು. ಬೇಕಾದ ಅಂಕಿ ಸಿಕ್ಕಿತ್ತು. "ಅಷ್ಟು ಸಾಕು ಅಣ್ಣ, ತುಂಬಾ ಉಪಕಾರ ಆಯ್ತು. ಮನೆ ಯಾವ ಕಡೆ?" ಎಂದು ಕೇಳಿ ಬರೆದುಕೊಂಡು ಇಳಿದುಬಿಟ್ಟೆ. ಮಲವಗೊಪ್ಪ ದಾಟುವಷ್ಟರಲ್ಲಿ ಬಸ್ಸಿನಲ್ಲೇ ಪುಟ ಮನಸ್ಸಿನಲ್ಲಿ ಸಿದ್ಧವಾಗಿತ್ತು. ‘ಭದ್ರಾವತಿಯಲ್ಲಿ ಈ ಚಿತ್ರ ನೂರು ದಿನ ಓಡಿತೆಂಬುದು ಸರಿಯಲ್ಲ. ತೊಂಬತ್ತೊಂದು ದಿನ ಮಾತ್ರ ಓಡಿದೆ. ಕೊನೆಯ ಒಂಬತ್ತು ದಿನ ಚಿತ್ರ ಟಾಕೀಸಿನಲ್ಲೇ ಇರಲಿಲ್ಲ. ಹೇಳಿದವರು: ಮುರುಗೇಶ್, ಆಪರೇಟರ್.’ ಅದರ ಮುಂದೆ ಅವರ ಬೀದಿ. ನನ್ನ ಹನ್ನೊಂದೂ ನಿಯಮಗಳಿಗೆ ಇಷ್ಟು ಚೆನ್ನಾಗಿ ಹೊಂದುವ ಪುಟ ಅದಕ್ಕೆ ಮೊದಲು ಯಾರೂ ಬರೆದಿರಲಿಲ್ಲ. ಉಳಿದವರು ನೋಡಿ ಕಲಿಯಲಿ ಎಂದು ಲೋಕೇಶ ಅದನ್ನು ಮುಖಪುಟದಲ್ಲಿ ಹಾಕಿದ.

ಎರಡು ವಾರದ ಮೇಲೆ ನಟನ ಹೊಸ ಚಿತ್ರ ಬಂತು. ಭದ್ರಾವತಿಯ ಅದೇ ಟಾಕೀಸು. ಆಷಾಢದ ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ಪುಟಕ್ಕೆ ಮುರುಗೇಶಣ್ಣನ ಒಂದು ಫೋಟೋ ಇದ್ದರೆ ಚೆನ್ನ ಎಂದು ನಾನು ಕ್ಯಾಮೆರಾ ತೆಗೆದುಕೊಂಡು ಮ್ಯಾಟಿನಿ ಹೊತ್ತಿಗೆ ಹೋದೆ. ಟಾಕೀಸಿನ ಮುಂದೆ ಕಟೌಟಿಗೆ ಹಾರ, ತಮಟೆ, ಪಟಾಕಿ. ಎದುರಿನ ಟೀ ಅಂಗಡಿಯಲ್ಲಿ ಹತ್ತಾರು ಜನ ಒಂದು ಹಾಳೆಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದುದನ್ನು ನೋಡಿದ್ದೆ. ಅದು ನನ್ನ ಪುಟದ ಝೆರಾಕ್ಸ್ ಎಂದೂ, ಮುರುಗೇಶಣ್ಣನ ಹೆಸರಿನ ಅಡಿಗೆ ಯಾರೋ ಕೆಂಪು ಗೆರೆ ಎಳೆದಿದ್ದಾರೆ ಎಂದೂ ಆಮೇಲೆ ಗೊತ್ತಾಯಿತು. ಮುರುಗೇಶಣ್ಣನಿಗೆ ಪುಟವೊಂದಿದೆ ಎನ್ನುವುದೇ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ಚಿಲಕ ಬಿದ್ದ ಮೇಲೆ ಮೊದಲು ಬಾಗಿಲಿಗೆ ಒದೆತಗಳು ಬಿದ್ದವು. "ತೊಂಬತ್ತೊಂದಾ ಲೇ? ತೊಂಬತ್ತೊಂದಾ? ಹೊರಗೆ ಬಾ, ಎಣಿಸಿ ತೋರಿಸ್ತೀವಿ!" ಚಿಲಕ ಹಾಕಿದವರೇ ಹೊರಗೆ ಬಾ ಎನ್ನುತ್ತಿದ್ದರು. ಈಗ ನೆನೆದರೆ ನಗು ಬರಬೇಕು, ಬರುವುದಿಲ್ಲ. ತಮಟೆಯ ಸದ್ದು ಮೆಟ್ಟಿಲ ಹತ್ತಿರಕ್ಕೆ ಬಂತು. ಒಂದು ದನಿಯ ಗುರುತು ನನಗೆ ಸಿಕ್ಕಿತು: ಕುಮಾರಣ್ಣನದು. "ಮುರುಗೇಶಣ್ಣ, ನೀನು ಹೇಳಿದ್ದಾ ಇದು? ನೀನೇ ಹೇಳಿದ್ದಾ?" ಆ ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. ಅವತ್ತು ನನಗೆ ಅದು ಕೇಳಿಸಲಿಲ್ಲ.

"ಏನು ಹೇಳಿದ್ದಂತೆ ನಾನು?" ಎಂದು ಮುರುಗೇಶಣ್ಣ ನನ್ನನ್ನು ಕೇಳಿದರು.

ಹೇಳಿದೆ. ನಿಯಮ, ಪುಟ, ಹೆಸರು, ಬೀದಿ. ಕೇಳುತ್ತಾ ಕೇಳುತ್ತಾ ಅವರು ನಾಲ್ಕನೆಯ ರೀಲನ್ನು ಎರಡನೆಯ ಯಂತ್ರಕ್ಕೆ ಹಾಕುತ್ತಿದ್ದರು. ಫಿಲಂ ಯಂತ್ರದ ಹಲ್ಲುಗಳಿಗೆ ಸರಿಯಾಗಿ ಕೂತಿತು. "ಬೀದಿ ಹೆಸರೂ ಹಾಕಿದೀಯಾ? ಮನೇಲಿ ನನ್ನ ಹೆಂಡ್ತಿ ಸೆಲ್ವಿ ಒಬ್ಬಳೇ ಇದ್ದಾಳಲ್ಲಮ್ಮ" ಎಂದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಆ ಮಾತು ಕಿವಿಯಲ್ಲಿ ಉಳಿಯುತ್ತಿರಲಿಲ್ಲವೇನೋ.

ನಾನು ಮೊಬೈಲಿನಲ್ಲಿ ಲೋಕೇಶನಿಗೆ ಫೋನ್ ಮಾಡಿ ಪೊಲೀಸರಿಗೆ ಹೇಳು ಎಂದೆ. ಆಟ ನಿಲ್ಲಿಸಿ ಕಿಂಡಿಯಿಂದ ಹಾಲಿನವರನ್ನು ಕೂಗೋಣ ಎಂದೆ. ಮುರುಗೇಶಣ್ಣ ತಲೆಯಾಡಿಸಿದರು. "ಪಿಕ್ಚರ್ ನಿಂತ್ರೆ ಒಳಗಿರೋರೂ ಹೊರಗೆ ಬರ್ತಾರೆ. ಐನೂರು ಜನ ಆ ಸಣ್ಣ ಮೆಟ್ಟಿಲಿಗೆ ನುಗ್ಗಿದ್ರೆ ನಾವು ಮಾತ್ರ ಅಲ್ಲ, ಅವರೂ ಸಾಯ್ತಾರೆ. ಪಿಕ್ಚರ್ ನಡೀತಾ ಇರೋವರೆಗೂ ನಾವು ಬದುಕಿರ್ತೀವಿ."

ಆಗಲೇ ಬಾಗಿಲ ಸಂದಿಯಿಂದ ಉರಿಯುವ ಕಾಗದ ಒಳಗೆ ಬಂತು. ಪೋಸ್ಟರುಗಳನ್ನು ಸುರುಳಿ ಸುತ್ತಿ, ಕರ್ಪೂರ ಹಚ್ಚಿ ತಳ್ಳುತ್ತಿದ್ದರು. ಕಟೌಟಿಗೆ ಬೆಳಗಲು ತಂದ ಕರ್ಪೂರವೇ. "ಅಂಟಿನ ಬಾಟ್ಲು! ಅದನ್ನ ಆ ಕಡೆ ಇಡು! ಅದು ಹತ್ತಿಕೊಂಡ್ರೆ ಮುಗೀತು" ಎಂದು ಮುರುಗೇಶಣ್ಣ ಕೂಗಿದರು. ಬಾಗಿಲ ಪಕ್ಕದ ಮೇಜಿನ ಮೇಲಿದ್ದ ಬಾಟಲಿಗೆ ಮುಚ್ಚಳ ಇರಲಿಲ್ಲ. ನಾನು ಎತ್ತಿಕೊಂಡ ರಭಸಕ್ಕೆ ಅರ್ಧ ನನ್ನ ವೇಲಿನ ಮೇಲೆ ಚೆಲ್ಲಿತು. ಕೆಳಗೆ ನೋಡಿದೆ. ಬೆಂಕಿ ನೆಲದ ಮೇಲೆ ನನ್ನ ಕಡೆಗೇ ತೆವಳುತ್ತಿರುವ ಹಾಗಿತ್ತು. ವೇಲು ಕಿತ್ತು ಮೂಲೆಗೆಸೆದು ಕೆಂಪು ಬಕೆಟ್ಟಿನ ಮರಳು ಸುರಿದೆ. ಮರಳಿನ ತುಂಬ ಹಳೇ ಬೀಡಿ ತುಂಡುಗಳು. ಸುರಿದೆ, ಮತ್ತೊಂದು ಸುರುಳಿ ಬಂತು, ಕಾಲಿನಲ್ಲಿ ಮರಳು ಎಳೆದು ಮುಚ್ಚಿದೆ. ಎಷ್ಟು ಸಲ ಎಂದು ಗೊತ್ತಿಲ್ಲ. ಹಿಂದೆ ಮುರುಗೇಶಣ್ಣ, ಹೊಗೆಯಲ್ಲಿ ಕೆಮ್ಮುತ್ತಾ, ಕಿಂಡಿಯಲ್ಲಿ ಕಣ್ಣಿಟ್ಟು, ಮೂರನೆಯ ರೀಲಿನಿಂದ ನಾಲ್ಕನೆಯದಕ್ಕೆ ಬದಲಾಯಿಸಿದರು. ಹಾಲಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅವರು ಗಡಿಯಾರ ನೋಡಿ, ನೋಟ್‌ಬುಕ್ಕು ತೆಗೆದು, ‘೩-೨೯’ ಎಂದು ಬರೆದರು.

ಇಂಟರ್‌ವಲ್ಲಿಗೆ ಅವರು ನಿಲ್ಲಿಸಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನಾಲ್ಕನೆಯ ರೀಲಿನಿಂದ ನೇರ ಐದಕ್ಕೆ ಹೋದರು. ಹಾಲಿನಲ್ಲಿ, "ಲೇ, ಟೀ ಕುಡಿಯಕ್ಕೆ ಬಿಡೋ!" ಎಂಬ ಕೂಗುಗಳೆದ್ದವು. ಹಾಡು ಶುರುವಾದದ್ದೇ ಎದ್ದವರೂ ಕೂತರು.

ಮ್ಯಾಟಿನಿ ಇಂಟರ್‌ವಲ್ ಹೊತ್ತು ಅಂದರೆ ಮುರುಗೇಶಣ್ಣನ ಊಟದ ಹೊತ್ತು. ಅವರ ಹೆಂಡತಿ ಸೆಲ್ವಿಯಕ್ಕ ದಿನಾ ಕ್ಯಾರಿಯರ್ ತರುತ್ತಿದ್ದರು. ಅವತ್ತು ಮಳೆಯಿಂದಾಗಿ ಸ್ವಲ್ಪ ತಡವಾಗಿ ಬಂದರು. ಮೆಟ್ಟಿಲ ಮೇಲಿಂದ ಅವರ ದನಿ ಕೇಳಿದಾಗ ಮುರುಗೇಶಣ್ಣ ಯಂತ್ರ ಬಿಟ್ಟು ಬಾಗಿಲಿಗೆ ಅಂಟಿಕೊಂಡು ನಿಂತರು.

"ಜರುಗ್ರಪ್ಪಾ, ಊಟ ಆರತ್ತೆ. ಏನಿದು ಹೊಗೆ? ಏ ಕುಮಾರ, ನೀನಾ? ನೀನೇ ಚಿಲಕ ಹಾಕಿದ್ದಾ?"

"ಅಕ್ಕ, ನೀವು ಮನೆಗೆ ಹೋಗಿ."

"ಯಾಕೆ ಹೋಗಲಿ? ಒಳಗಿರೋದು ಯಾರು, ನನ್ನ ಗಂಡ ತಾನೆ? ನೀನು ಕೆಲಸ ಇಲ್ದೆ ಈ ಮೆಟ್ಟಿಲ ಮೇಲೆ ಕೂತಿದ್ದಾಗ ಇದೇ ಕ್ಯಾರಿಯರ್‌ನಲ್ಲಿ ತಿಂದಿದ್ದೀಯ. ಸಾರು ಖಾರ ಅಂತ ಬೇರೆ ಅಂದಿದ್ದೀಯ. ತೆಗಿ ಬಾಗಿಲು."

ಸೆಲ್ವಿಯಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟರಂತೆ, ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು. ದಾಟಿ ಹೋಗಬೇಕಾದರೆ ಅವರನ್ನು ತುಳಿದೇ ಹೋಗಬೇಕು. ಆಮೇಲೆ ಚಿಲಕ ಸರಿಯಿತು.

ಕುಮಾರಣ್ಣ ಒಬ್ಬರೇ ಬರುತ್ತಾರೆ ಅಂದುಕೊಂಡೆವು. ಅವರ ಹಿಂದಿದ್ದ ಐದಾರು ಜನ ತಳ್ಳಿಕೊಂಡು ಒಳಬಂದರು. ಐದನೆಯ ರೀಲು ಮುಗಿಯುವುದರಲ್ಲಿತ್ತು. ಮುರುಗೇಶಣ್ಣ ಯಂತ್ರದ ಹತ್ತಿರ ವಾಪಸಾಗಿ, ಬಾಗಿಲ ಕಡೆ ನೋಡದೆ, ಬದಲಾಯಿಸಲು ಎಡಗೈ ಎತ್ತಿದ್ದರು. ಧ್ವಜ ಕಟ್ಟಿದ ಕೋಲು ಹಿಡಿದ ಒಬ್ಬ ಯುವಕ ಆ ಕೈಗೆ ಹೊಡೆದ. ಮಣಿಕಟ್ಟು ಮುರಿದ ಸದ್ದು ಯಂತ್ರದ ಸದ್ದಿನ ಮೇಲೂ ಕೇಳಿಸಿತು. ರೀಲಿನ ಬಾಲ ಪಟಪಟ ಬಡಿದುಕೊಂಡು ಹೊರಬಂತು. ಮುಂದಿನ ರೀಲು ಶುರುವಾಗಲಿಲ್ಲ. ಹಾಲಿನ ಪರದೆಯ ಮೇಲೆ ಬರೀ ಬಿಳಿ ಬೆಳಕು. ಕೆಳಗೆ ಐನೂರು ಜನ ಒಟ್ಟಿಗೆ ಅರಚಿದರು.

ಇನ್ನೇನು ಮುಗಿಯಿತು ಎಂದುಕೊಂಡು ನಾನು ಗೋಡೆಗೆ ಒರಗಿದೆ. ಆಗ ನಡೆದದ್ದು ನನಗೆ ಬಹಳ ದಿನ ಅರ್ಥವಾಗಲಿಲ್ಲ. ಕುಮಾರಣ್ಣ ಕಿಂಡಿಯ ಹತ್ತಿರ ನಿಂತಿದ್ದರು. ಕಣ್ಣು ಆ ಬಿಳಿ ಪರದೆಯ ಮೇಲಿತ್ತು. ಹಾಗೇ ನಿಂತರು. ಮುಖ ಚಿಕ್ಕ ಮಗುವಿನದರ ಹಾಗಾಯಿತು. ತಿರುಗಿದಾಗ ಕಣ್ಣಲ್ಲಿ ನೀರಿತ್ತು. "ಇಳೀರಿ. ಎಲ್ಲರೂ ಇಳೀರಿ" ಎಂದು ತನ್ನವರನ್ನೇ ಎದೆಗೆ ಕೈಕೊಟ್ಟು ತಳ್ಳಿದರು. ಕೋಲು ಹಿಡಿದವನ ಕೆನ್ನೆಗೆ ಎರಡು ಬಿಟ್ಟರು. ಮುರುಗೇಶಣ್ಣ ಕೂತಲ್ಲಿಂದಲೇ ನನಗೆ, "ಆ ಹಿಡಿ ಕೆಳಗೆ ಎಳೆಯಮ್ಮ" ಎಂದರು. ಎಳೆದೆ. ಆರನೆಯ ರೀಲು ಶುರುವಾಯಿತು. ಹಾಲು ಶಾಂತವಾಯಿತು. ಪೊಲೀಸರು ಬಂದಾಗ ಸೆಲ್ವಿಯಕ್ಕ ಗಂಡನ ಕೈಯನ್ನು ನನ್ನ ಕ್ಯಾಮೆರಾ ಚೀಲದ ಪಟ್ಟಿಯಿಂದ ಕಟ್ಟುತ್ತಿದ್ದರು.

ಠಾಣೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದುಕೊಟ್ಟೆ. ಹೊಡೆದವನ ಹೆಸರು ನನಗೆ ಗೊತ್ತಿರಲಿಲ್ಲ. ಮುರುಗೇಶಣ್ಣನಿಗೆ ಗೊತ್ತಿತ್ತು, ಹೇಳಲಿಲ್ಲ.

ಅವತ್ತೇ ಸೈಬರಿಗೆ ಹೋಗಿ ಪುಟ ಅಳಿಸಿದೆ. ಗೋಡೆಯ ನಿಯಮಗಳನ್ನೂ ಹರಿದು ಹಾಕಲು ಹೋದಾಗ ಲೋಕೇಶ ಕೈಹಿಡಿದ. "ಹರಿದ್ರೆ ಆಗಿದ್ದು ಆಗಲಿಲ್ಲ ಅಂತ ಆಗ್ತದಾ ಮಾರಾಯ್ತಿ? ನೀನು ಸುಳ್ಳೇನೂ ಬರೀಲಿಲ್ಲ."

ಸುಳ್ಳು ಬರೆದಿರಲಿಲ್ಲ, ಅದೇ ನನ್ನನ್ನು ಕೊರೆಯುತ್ತಿತ್ತು. ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಚಿಲಕ ಸರಿಯುತ್ತಿತ್ತು. ಪತ್ರಿಕೆಯಲ್ಲಿ ಕರಡು ತಿದ್ದುವಾಗ ಪ್ರತಿ ಹೆಸರಿನ ಮುಂದೆ ಪೆನ್ನು ನಿಂತುಬಿಡುತ್ತಿತ್ತು: ಇವರನ್ನು ಕೇಳಿದ್ದಾರಾ? ಇವರಿಗೆ ಗೊತ್ತಾ? ಸೆಲ್ವಿಯಕ್ಕನಿಗೆ ಫೋನ್ ಮಾಡಿದರೆ ಅಲ್ಲೂ ಅದೇ. "ಮಲಗಲ್ಲ ಸುಧಮ್ಮ. ಬೆಕ್ಕು ಹಾರಿದ್ರೂ ಎದ್ದು ಕೂರ್ತಾರೆ. ಬಾಗಿಲಿಗೆ ಒಳಗಿಂದ ಚಿಲಕ ಹಾಕೋಕೆ ಬಿಡಲ್ಲ, ತೆಗೆಯೋಕೂ ಬಿಡಲ್ಲ."

ಮೂರು ವಾರದ ಮೇಲೆ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಅಳಿಸಿದ ಪುಟದ ಪ್ರಿಂಟ್ ಚೀಲದಲ್ಲಿತ್ತು. ಬೀದಿಯ ತುದಿಯಲ್ಲಿ ಕುಮಾರಣ್ಣನ ಆಟೋ ನಿಂತಿದ್ದನ್ನು ನೋಡಿ ಕಾಲು ಹಿಂದೆ ಸರಿಯಿತು. ಸೆಲ್ವಿಯಕ್ಕ ಬಾಗಿಲಲ್ಲೇ ಕಂಡು, "ಬಾ ಬಾ. ಅವನು ದಿನಾ ಬರ್ತಾನೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಾನೆ, ಕರ್ಕೊಂಡು ಬರ್ತಾನೆ, ಬಾಯಿ ಬಿಡಲ್ಲ. ಹೊರಗೇ ಕೂತಿರ್ತಾನೆ" ಎಂದರು.

ಮುರುಗೇಶಣ್ಣ ಮಂಚದ ಮೇಲೆ ಕೂತಿದ್ದರು. ಕೈ ಪಟ್ಟಿಯಲ್ಲಿ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು, "ಮೊದಲು ಅದೇನು ಬರೆದಿದ್ದೆ, ಓದು" ಎಂದರು. ಓದಿದೆ. ನಾಲ್ಕು ಸಾಲು. ಓದುವುದಕ್ಕೆ ಅರ್ಧ ನಿಮಿಷ ಹಿಡಿಯಲಿಲ್ಲ. ಆ ಅರ್ಧ ನಿಮಿಷವನ್ನು ಮೊದಲೇ ಕೊಟ್ಟಿದ್ದರೆ ಸಾಕಿತ್ತು.

"ಎಲ್ಲಾ ಸರಿ. ಆದ್ರೆ ಪೂರ್ತಿ ಇಲ್ಲ" ಎಂದರು. "ಅವತ್ತು ಹೇಳೋಕೆ ಹೋದೆ, ನಿಂಗೆ ಬಸ್ಸು."

ಆಮೇಲೆ ಹೇಳಿದರು. ಆ ಹಳೆಯ ಚಿತ್ರ ಬಂದ ವರ್ಷ ಊರಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಇರಲಿಲ್ಲ. ಕುಮಾರಣ್ಣನ ವಯಸ್ಸಿನ ಹುಡುಗರು ಬೆಳಗಾದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಟಾಕೀಸಿಗೆ ಬರುತ್ತಿದ್ದರು. ತಮ್ಮ ಕೈಯಲ್ಲಿ ಆಗುವ ಒಂದೇ ಕೆಲಸವೆಂದರೆ ಆ ಚಿತ್ರವನ್ನು ನೂರು ದಿನ ಮುಟ್ಟಿಸುವುದು ಎಂದು ತೀರ್ಮಾನಿಸಿದ್ದರು. ತೊಂಬತ್ತೊಂದನೆಯ ದಿನ ಡಬ್ಬಿ ಹೋಯಿತು. ಮಾರನೆಯ ಬೆಳಿಗ್ಗೆ ಮುರುಗೇಶಣ್ಣ ಯಂತ್ರ ಒರೆಸುತ್ತಿದ್ದಾಗ ಹನ್ನೊಂದು ಜನ ಬಂದು ಹಾಲಿನಲ್ಲಿ ಕೂತರು.

"ಪಿಕ್ಚರ್ ಇಲ್ಲ ಕಣ್ರೋ ಅಂದೆ. ಪರವಾಗಿಲ್ಲ ಅಣ್ಣ, ಬರೀ ಬೆಳಕು ಬಿಡಿ ಅಂದ್ರು. ಬಿಟ್ಟೆ. ಬಿಳೀ ಪರದೆ. ಮೊದಲನೇ ಸೀನಿಂದ ಶುರು ಮಾಡಿದ್ರು ನೋಡು. ಹೀರೋ ಮಾತು ಒಬ್ಬ, ವಿಲನ್ ಮಾತು ಒಬ್ಬ, ಅಮ್ಮನ ಮಾತು ಈ ಕುಮಾರ. ಹಾಡು ಬಂದಾಗ ಎಲ್ಲರೂ. ಫೈಟಿಂಗ್‌ಗೆ ಬಾಯಲ್ಲೇ ಸದ್ದು. ಎರಡೂವರೆ ಗಂಟೆ, ಒಂದು ಮಾತು ಬಿಡಲಿಲ್ಲ. ಇಂಟರ್‌ವಲ್ಲೂ ಬಿಟ್ಟೆ. ಒಂಬತ್ತು ಬೆಳಿಗ್ಗೆ ಹಂಗೇ ನಡೀತು ಸುಧಮ್ಮ. ನನ್ನ ಲೆಕ್ಕದಲ್ಲಿ ತೊಂಬತ್ತೊಂದು ಸರಿ. ಅವರ ಲೆಕ್ಕದಲ್ಲಿ ನೂರೂ ಸರಿ."

ಆ ಬಿಳಿ ಪರದೆಯ ಮುಂದೆ ಕುಮಾರಣ್ಣ ಯಾಕೆ ಹಾಗೆ ನಿಂತರು ಎಂದು ಆಗ ಗೊತ್ತಾಯಿತು. ಅವರೆಲ್ಲರ ಬಾಳಿನ ಅತಿ ದೊಡ್ಡ ಕೆಲಸವನ್ನು ನಾನು ‘ಸರಿಯಲ್ಲ’ ಎಂಬ ಒಂದು ಪದದಲ್ಲಿ ಅಳಿಸಿದ್ದೆ. ಸಾಕ್ಷಿಯಾಗಿ, ಅದನ್ನು ಕಂಡಿದ್ದ ಒಬ್ಬನೇ ಒಬ್ಬ ಮನುಷ್ಯನ ಹೆಸರು ಹಾಕಿದ್ದೆ. ಅದು ಅವರ ಬೆಂಕಿಗೆ ಸಮರ್ಥನೆಯಲ್ಲ. ಮುರಿದ ಕೈ ಮುರಿದ ಕೈಯೇ.

ಸೆಲ್ವಿಯಕ್ಕ ಹೊರಗೆ ಕೂತವರನ್ನು ಒಳಗೆ ಎಳೆದು ತಂದರು. ಕುಮಾರಣ್ಣ ಬಾಗಿಲ ಪಕ್ಕ ನೆಲದ ಮೇಲೆ ಕೂತರು. "ಹೊಡೆದವನು ನಮ್ಮ ಹನ್ನೊಂದು ಜನದಲ್ಲಿ ಒಬ್ಬನ ತಮ್ಮ. ಆವಾಗ ಇಷ್ಟುದ್ದ ಇದ್ದ. ನೂರು ದಿನ, ನೂರು ದಿನ ಅಂತ ನಾವೇ ಹೇಳಿ ಹೇಳಿ ಬೆಳೆಸಿದ್ವಿ" ಎಂದರು. "ನಿಜ ಏನು ಅಂತ ಅವನಿಗೂ ಹೇಳಿರಲಿಲ್ಲ. ನಾಚಿಕೆ."

"ನಾಚಿಕೆ ಯಾಕೋ?" ಎಂದರು ಮುರುಗೇಶಣ್ಣ. "ನಾನು ಆ ರೂಮಲ್ಲಿ ನೋಡಿರೋ ಪಿಕ್ಚರಲ್ಲೆಲ್ಲ ಅದೇ ಚೆನ್ನಾಗಿತ್ತು. ನೀನು ಅಮ್ಮನ ಪಾರ್ಟ್ ಮಾಡಿ ಅಳೋದು ನೋಡ್ಬೇಕಿತ್ತು."

ಸೆಲ್ವಿಯಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಕುಮಾರಣ್ಣ ಮೊಣಕಾಲಿನ ಮಧ್ಯೆ ಮುಖ ಹುದುಗಿಸಿ, "ತಪ್ಪಾಯ್ತಣ್ಣ" ಎಂದರು. ಮುರುಗೇಶಣ್ಣ ನನ್ನ ಕಡೆ ತಿರುಗಿದರು. "ಬರಿ ಸುಧಮ್ಮ. ಈ ಸಲ ಪೂರ್ತಿ ಬರಿ" ಎಂದರು.

ಮುಂದಿನ ಎಂಟು ದಿನ ನಾನು ಕುಮಾರಣ್ಣನ ಆಟೋದಲ್ಲಿ ಹಿಂದೆ ಕೂತು ಭದ್ರಾವತಿಯೆಲ್ಲ ಸುತ್ತಿದೆ. ಹನ್ನೊಂದು ಮನೆ. ಪ್ರತಿ ಮನೆಯಲ್ಲೂ ಬರೆದದ್ದನ್ನು ಓದಿ, ಹೆಸರು ಹಾಕಲಾ ಎಂದು ಕೇಳಿದೆ. ಇಬ್ಬರು ಬೇಡ ಎಂದರು. ಒಬ್ಬರ ಹೆಂಡತಿ, "ಇವರು ವಿಲನ್ ಅಂತ ಮಾತ್ರ ಬರೀಬೇಡಿ, ನಮ್ಮ ಅಪ್ಪನ ಮನೇಲಿ ಮೊದಲೇ ಹಾಗೆ ಅಂತಾರೆ" ಎಂದರು. ಕೋಲಿನಿಂದ ಹೊಡೆದ ಆ ತಮ್ಮನ ಮನೆಗೆ ಹೋದಾಗ ಅವನು ಹಿತ್ತಲಿಗೆ ಹೋಗಿಬಿಟ್ಟ. ಅಣ್ಣ ನನ್ನಿಂದ ಜೋರಾಗಿ ಓದಿಸಿ ಅವನಿಗೂ ಕೇಳುವಂತೆ ಮಾಡಿದ. ವಾರದ ನಂತರ ಅವನೇ ಮುರುಗೇಶಣ್ಣನ ಮನೆಗೆ ಹೋಗಿ ಕಾಲಿಗೆ ಬಿದ್ದನಂತೆ. ಸೆಲ್ವಿಯಕ್ಕ ಚೆನ್ನಾಗಿ ಬೈದು ಕಳಿಸಿದರಂತೆ.

ಪುಟ ಮತ್ತೆ ಏರಿಸಿದ್ದು ಶ್ರಾವಣದ ಒಂದು ಮಧ್ಯಾಹ್ನ. ಕುಮಾರಣ್ಣ, ಮುರುಗೇಶಣ್ಣ ಇಬ್ಬರೂ ಸೈಬರಿಗೆ ಬಂದಿದ್ದರು. ನಾನು ಜೋರಾಗಿ ಓದಿದೆ: ತೊಂಬತ್ತೊಂದು ದಿನ ಚಿತ್ರ, ಒಂಬತ್ತು ಬೆಳಿಗ್ಗೆ ಬಿಳಿ ಪರದೆ, ಯಾರು ಯಾರ ಮಾತು ಹೇಳಿದರು ಎಂಬುದು. ಅತ್ತೆವು, ಕುಣಿದೆವು ಎಂದು ಬರೆಯಬಾರದೆಂಬ ನನ್ನ ನಿಯಮ ಆ ಪುಟದಲ್ಲಿ ಮುರಿದುಬಿತ್ತು. ಕೊನೆಯಲ್ಲಿ ‘ಹೇಳಿದವರು’ ಎಂಬಲ್ಲಿಗೆ ಬಂದು ನಿಲ್ಲಿಸಿದೆ. "ನಿಮ್ಮ ಹೆಸರು ಬೇಡ ಅಲ್ವಾ ಅಣ್ಣ?"

ಮುರುಗೇಶಣ್ಣ ಕಂಪ್ಯೂಟರಿನ ಬೆಳ್ಳಗಿನ ಪರದೆಯನ್ನು ನೋಡುತ್ತಾ, "ಹಾಕು" ಎಂದರು. "ಬೀದಿ ಬೇಡ. ಹೆಸರು ಹಾಕು. ಇಷ್ಟು ವರ್ಷದಲ್ಲಿ ಇಂಥಾ ಪರದೆ ಮೇಲೆ ನನ್ನ ಹೆಸರು ಬಂದಿದ್ದೇ ಇಲ್ಲ."

"ಅದರ ಕೆಳಗೆ ನಂದೂ ಹಾಕಿ ಮೇಡಂ. 'ಕುಮಾರ್, ಅಮ್ಮನ ಪಾತ್ರ' ಅಂತ" ಎಂದರು ಕುಮಾರಣ್ಣ.

ಹಾಕಿದೆ. ಲೋಕೇಶ ಗೋಡೆಯ ಮೇಲಿದ್ದ ಹನ್ನೊಂದನೆಯ ನಿಯಮವನ್ನು ಹೊಡೆದುಹಾಕಿ ಅದರ ಜಾಗದಲ್ಲಿ ಪೆನ್ನಿನಿಂದ ಬರೆದ: ಹೇಳಿದವರಿಗೆ ಓದಿ ತೋರಿಸಿ. ಇನ್ನೂ ಇದೆ ಎಂದರೆ ಕೂತು ಕೇಳಿ. ಒಪ್ಪಿದರೆ ಮಾತ್ರ ಹೆಸರು.

ಮುರುಗೇಶಣ್ಣನ ಎಡಗೈ ಕೊನೆಗೂ ಮೊದಲಿನ ಹಾಗೆ ತಿರುಗಲಿಲ್ಲ. ರೀಲು ಬದಲಾಯಿಸುವಾಗ ಆಮೇಲೆ ಬಲಗೈ ಬಳಸುತ್ತಿದ್ದರು, ಒಮ್ಮೊಮ್ಮೆ ಹಾಲಿನವರಿಗೆ ಗೊತ್ತಾಗಿಬಿಡುತ್ತಿತ್ತು. ನನಗೂ ಆ ವಾಸನೆ ಇವತ್ತಿಗೂ ಆಗುವುದಿಲ್ಲ. ಎಲ್ಲವೂ ಸರಿಹೋಯಿತು ಎಂದು ನಾನು ಬರೆಯಲಾರೆ.

ಆದರೆ ಆ ಪುಟ ಏರಿಸಿದ ಮಾರನೆಯ ದಿನ ಫೋನ್ ಬಂತು. ಸೆಲ್ವಿಯಕ್ಕ ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಸುಧಮ್ಮ, ನಿನ್ನೆ ಊಟ ಮಾಡಿ ಮಲಗಿದೋರು ಒಂದು ಸಲಾನೂ ಎದ್ದಿಲ್ಲ. ಬೆಳಗಿನ ಆಟಕ್ಕೆ ಹೊತ್ತಾಗ್ತಾ ಬಂತು. ಎಬ್ಬಿಸ್ಲಾ, ಬೇಡ್ವಾ?"

"ಬೇಡ ಅಕ್ಕ, ಮಲಗಲಿ" ಎಂದೆ. ನನ್ನ ದನಿ ನಿದ್ದೆಯಲ್ಲಿ ಕಟ್ಟಿಕೊಂಡಿತ್ತು. ಕಿಟಕಿಯಿಂದ ಬಿಸಿಲು ಬಂದು ಹೊದಿಕೆಯ ಮೇಲೆ ಬಿದ್ದಿತ್ತು. ತಲೆಯೆತ್ತಿ ಗಡಿಯಾರ ನೋಡಿದೆ. ಒಂಬತ್ತೂವರೆ. ನನ್ನನ್ನು ಎಬ್ಬಿಸಿದ್ದು ಆ ಫೋನೇ.